ಟವೆಲ್ ಕೆಳಗಿನ ಬೆರಳು

ಬೇಬಿ ಬೆಟ್ಟದಲ್ಲೋ ಹೇಮಗಿರಿಯಲ್ಲೋ ದನಗಳ ಜಾತ್ರೆಗೆ ಹೋದವರು ಎತ್ತಿನ ವ್ಯಾಪಾರ ನೋಡಿಯೇ ಇರುತ್ತಾರೆ. ಕೊಳ್ಳಲು ಬಂದ ರೈತ ಮೊದಲು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು; ಎಂಟೂ ಬಂದಿದ್ದರೆ ಬಾಯಿಗೂಡಿದ ಎತ್ತು. ಆಮೇಲೆ ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ, ನೊಗ ಕೂರುವ ಜಾಗದ ಮೇಲೆ ಅಂಗೈ ಆಡಿಸುತ್ತಾನೆ, ಹಗ್ಗ ಹಿಡಿದು ಹತ್ತು ಮಾರು ನಡೆಸುತ್ತಾನೆ. ಇಷ್ಟೆಲ್ಲ ಆದ ಮೇಲೆ ದರದ ಮಾತು. ದಲ್ಲಾಳಿ ಹೆಗಲ ಮೇಲಿನ ಟವೆಲ್ ತೆಗೆದು ಕೈಗಳ ಮೇಲೆ ಹಾಸುತ್ತಾನೆ. ಅದರ ಕೆಳಗೆ ಬೆರಳು ಬೆರಳನ್ನು ಹಿಡಿಯುತ್ತದೆ. ಸುತ್ತ ನಿಂತವರಿಗೆ ಮುಖ ಕಾಣುತ್ತದೆ, ಬೆಲೆ ಕಾಣುವುದಿಲ್ಲ.

ಬಳಸಿದ ವಸ್ತುವಿನ ವ್ಯಾಪಾರದಲ್ಲಿರುವ ಎರಡು ದೊಡ್ಡ ಪ್ರಶ್ನೆಗಳೂ ಈ ವ್ಯವಹಾರದಲ್ಲಿವೆ. ವಸ್ತುವಿನ ಬಗ್ಗೆ ಯಾರಿಗೆ ಎಷ್ಟು ಗೊತ್ತು? ಅದಕ್ಕೆ ಮತ್ತೊಬ್ಬರು ಎಷ್ಟು ಕೊಡುತ್ತಾರೆಂಬುದು ಯಾರಿಗೆ ಗೊತ್ತು? ಹಲ್ಲು ನೋಡುವುದು ಮೊದಲನೆಯದನ್ನು ಬಯಲಿಗೆ ತರುವ ಪ್ರಯತ್ನ. ಟವೆಲ್ ಹಾಸುವುದು ಎರಡನೆಯದನ್ನು ಮುಚ್ಚಿಡುವ ಉಪಾಯ. ಇವತ್ತು ಮಂಡ್ಯದ ಹುಡುಗನೊಬ್ಬ ಕೆಎ 11 ನಂಬರಿನ ಬೈಕನ್ನು ಫೋನಿನಲ್ಲೇ ನೋಡಿ ಬಿಡ್ ಹಾಕುವಾಗಲೂ, ಮಳವಳ್ಳಿಯ ರೈತ ಬ್ಯಾಂಕು ಹರಾಜಿಗಿಟ್ಟ ಟ್ರ್ಯಾಕ್ಟರಿಗೆ ಆನ್‌ಲೈನಿನಲ್ಲಿ ಸವಾಲು ಕೂಗುವಾಗಲೂ ಎದುರಾಗುವುದು ಇವೇ ಎರಡು ಪ್ರಶ್ನೆಗಳು. ಬದಲಾಗಿರುವುದು ಒಂದೇ: ಮುಟ್ಟಿ ನೋಡುವ ಕೈ ಈಗ ನಡುವೆ ಇಲ್ಲ. ಆ ಕೈಯ ಜಾಗದಲ್ಲಿ ಹರಾಜಿನ ನಿಯಮಗಳು ಬಂದು ಕೂತಿವೆ. ಹಳೆಯ ವಸ್ತುವಿಗೆ ಎಷ್ಟು ಬೆಲೆ ಬರುತ್ತದೆ ಎಂಬುದನ್ನು ವಸ್ತುವಿನಷ್ಟೇ ಈ ನಿಯಮಗಳೂ ತೀರ್ಮಾನಿಸುತ್ತವೆ ಎಂಬುದು ಕಳೆದ ಅರುವತ್ತು ವರ್ಷಗಳಲ್ಲಿ ಅರ್ಥಶಾಸ್ತ್ರ ಕಂಡುಕೊಂಡ ಸತ್ಯ. ಅದು ನಮ್ಮ ಸೀಮೆಯ ರೈತನಿಗೂ ಬೈಕ್ ಕೊಳ್ಳುವ ಹುಡುಗನಿಗೂ ನೇರವಾಗಿ ಬೇಕಾದ ವಿದ್ಯೆ ಎಂದು ನಾನು ನಂಬಿದ್ದೇನೆ.

ಮೊದಲ ಪ್ರಶ್ನೆಯಿಂದ ಶುರು ಮಾಡೋಣ. ಜಾತ್ರೆಗೆ ಮೂರು ಎತ್ತು ಬಂದಿವೆ ಎಂದಿಟ್ಟುಕೊಳ್ಳಿ. ಒಂದು ಗಟ್ಟಿ ಕೆಲಸದ್ದು, 80 ಸಾವಿರ ಬಾಳುತ್ತದೆ. ಇನ್ನೊಂದು ಸಾಧಾರಣ, 60 ಸಾವಿರ. ಮೂರನೆಯದು ನೇಗಿಲು ಹೂಡಿದರೆ ಸಾಲಿನಲ್ಲೇ ಮಲಗಿಬಿಡುವ ಎತ್ತು, ಬರೀ 40 ಸಾವಿರ. ನೋಡಲು ಮೂರೂ ಒಂದೇ ಥರ. ಯಾವುದು ಯಾವುದೆಂದು ಸಾಕಿದವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಸರಾಸರಿ ಹಿಡಿದು 60 ಸಾವಿರ ಕೊಡುತ್ತೇನೆ ಎನ್ನುತ್ತಾನೆ. 80 ಸಾವಿರದ ಎತ್ತಿನವನು ಹಗ್ಗ ಬಿಚ್ಚಿಕೊಂಡು ಊರಿಗೆ ಹೊರಡುತ್ತಾನೆ. ಉಳಿದ ಎರಡರ ಸರಾಸರಿ ಈಗ 50 ಸಾವಿರ. ಆ ದರಕ್ಕೆ ಸಾಧಾರಣ ಎತ್ತಿನವನೂ ಹೊರಡುತ್ತಾನೆ. ಕೊನೆಗೆ ಮೈದಾನದಲ್ಲಿ ಉಳಿಯುವುದು ಮಲಗುವ ಎತ್ತು ಮಾತ್ರ.

ಅಮೆರಿಕದ ಜಾರ್ಜ್ ಅಕರ್ಲಾಫ್ 1970ರಲ್ಲಿ ಇದನ್ನೇ ಹಳೆಯ ಕಾರುಗಳ ಉದಾಹರಣೆ ಕೊಟ್ಟು ಬರೆದರು. ಮೂರು ದೊಡ್ಡ ಪತ್ರಿಕೆಗಳು ಆ ಲೇಖನವನ್ನು ವಾಪಸು ಕಳಿಸಿದವು, ನಾಲ್ಕನೆಯದು ಪ್ರಕಟಿಸಿತು. 2001ರಲ್ಲಿ ಅದೇ ಕೆಲಸಕ್ಕೆ ಅವರಿಗೆ ನೊಬೆಲ್ ಬಂತು. ಮೋಸ ಮಾಡುವವರು ಕೆಲವರೇ ಇದ್ದರೂ, ಅವರನ್ನು ಗುರುತಿಸಲಾಗದಿದ್ದರೆ ಒಳ್ಳೆಯ ಸರಕು ಮಾರುಕಟ್ಟೆಗೇ ಬರುವುದಿಲ್ಲ ಎಂಬುದು ಅವರ ವಾದ. ನಷ್ಟ ಕೊಳ್ಳುವವನಿಗೆ ಮಾತ್ರ ಎಂದುಕೊಳ್ಳಬಾರದು. ಎತ್ತನ್ನು ಚೆನ್ನಾಗಿ ಸಾಕಿದವನಿಗೂ ಅಷ್ಟೇ ನಷ್ಟ.

ಬಳಸಿದ ಗಾಡಿಗಳ ಜಾಹೀರಾತು ತೆರೆದು ನೋಡಿ. ‘ಸಿಂಗಲ್ ಓನರ್, ಶೋರೂಮ್ ಕಂಡೀಷನ್, ಒಂದು ರೂಪಾಯಿ ಕೆಲಸ ಇಲ್ಲ.’ ಒಳ್ಳೆಯ ಗಾಡಿಯವನೂ ಹೀಗೇ ಬರೆಯುತ್ತಾನೆ, ಎಂಜಿನ್ ಬಿಚ್ಚಿಸಬೇಕಾದ ಗಾಡಿಯವನೂ ಹೀಗೇ ಬರೆಯುತ್ತಾನೆ. ಬರೆಯಲು ಖರ್ಚಿಲ್ಲದ ಮಾತಿನಿಂದ ಯಾವುದು ಯಾವುದೆಂದು ತಿಳಿಯುವುದಿಲ್ಲ. ಇಬ್ಬರನ್ನು ಬೇರೆ ಮಾಡಬಲ್ಲದ್ದು ಕೆಟ್ಟ ಗಾಡಿಯವನಿಗೆ ಕೊಡಲಾಗದಂಥದ್ದು: ಬೆಳಗ್ಗೆ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ತೆಗೆದ ವಿಡಿಯೊ, ವರ್ಷವಾರು ಸರ್ವಿಸ್ ಬಿಲ್ಲು, ‘ನಿಮ್ಮ ಮೆಕ್ಯಾನಿಕ್‌ನ ಕರ್ಕೊಂಡೇ ಬನ್ನಿ ಅಣ್ಣ’ ಎಂಬ ಕರೆ.

ಇಂಟರ್‌ನೆಟ್ಟಿನಲ್ಲಿ ಹಳೆಯ ವಸ್ತುಗಳ ಹರಾಜು ದೊಡ್ಡದಾಗಿ ಬೆಳೆದದ್ದು 1995ರ ಸೆಪ್ಟೆಂಬರ್‌ನಿಂದ. ಕ್ಯಾಲಿಫೋರ್ನಿಯಾದ ಪಿಯರ್ ಒಮಿಡ್ಯಾರ್ ಎಂಬ ಪ್ರೋಗ್ರಾಮರ್ ಆಕ್ಷನ್‌ವೆಬ್ ಎಂಬ ತಾಣ ಮಾಡಿ, ಮೊದಲ ಸರಕಾಗಿ ಕೆಟ್ಟುಹೋದ ಲೇಸರ್ ಪಾಯಿಂಟರ್ ಒಂದನ್ನು ಹರಾಜಿಗಿಟ್ಟರು. 14.83 ಡಾಲರಿಗೆ ಹೋಯಿತು. ಅದು ಕೆಟ್ಟಿದೆ ಎಂದು ಗೊತ್ತೇ ಎಂದು ಒಮಿಡ್ಯಾರ್ ಕೇಳಿದಾಗ, ತಾನು ಕೆಟ್ಟ ಪಾಯಿಂಟರುಗಳನ್ನೇ ಸಂಗ್ರಹಿಸುವವನೆಂದು ಕೊಂಡವನು ಉತ್ತರಿಸಿದನಂತೆ. ಇಬೇ ಎಂಬ ಹೆಸರು ಆಮೇಲೆ ಬಂತು. ನಮ್ಮಲ್ಲಿ 2000ದಲ್ಲಿ ಬಾಝೀ ಡಾಟ್ ಕಾಮ್ ಶುರುವಾಯಿತು. 2004ರಲ್ಲಿ ಇಬೇ ಅದನ್ನು ಸುಮಾರು 5 ಕೋಟಿ ಡಾಲರಿಗೆ ಕೊಂಡಿತು. ಆದರೆ ಭಾರತದಲ್ಲಿ ಮನೆಮನೆಯ ಹಳೆಯ ಸಾಮಾನಿನ ಹರಾಜು ಬೇರೂರಲಿಲ್ಲ. 2018ರ ಆಗಸ್ಟ್‌ನಲ್ಲಿ ಇಬೇ ಇಂಡಿಯಾ ತಾಣ ಮುಚ್ಚಿತು. ನಮ್ಮ ಜನ ಒಪ್ಪಿಕೊಂಡದ್ದು ಓಎಲ್‌ಎಕ್ಸ್, ಕ್ವಿಕರ್ ಮಾದರಿಯನ್ನು: ಫೋನಿನಲ್ಲಿ ನೋಡು, ಫೋನ್ ಮಾಡು, ಹೋಗಿ ಮುಟ್ಟಿ ನೋಡು, ಚೌಕಾಸಿ ಮಾಡು. ಹಲ್ಲು ನೋಡದೆ ಎತ್ತು ಕೊಳ್ಳದ ಜನಕ್ಕೆ ಇದೇ ಸರಿಹೋಯಿತು ಎಂದು ನನಗನ್ನಿಸುತ್ತದೆ.

ಹರಾಜು ಮಾಯವಾಗಲಿಲ್ಲ, ಬೇರೆ ಬಾಗಿಲಿನಿಂದ ಬಂತು. ಸರ್ಕಾರಿ ಇಲಾಖೆಗಳ ಗುಜರಿ, ಹಳೆಯ ಬಸ್ಸು, ಜೀಪು ಮಾರುವುದು ಎಂಎಸ್‌ಟಿಸಿ ತಾಣದಲ್ಲಿ. 1964ರಲ್ಲಿ ಲೋಹದ ಗುಜರಿ ವ್ಯಾಪಾರಕ್ಕೆಂದು ಹುಟ್ಟಿದ ಕೇಂದ್ರ ಸರ್ಕಾರದ ಕಂಪನಿ ಅದು. ಕಂತು ಕಟ್ಟದ್ದಕ್ಕೆ ಜಪ್ತಾದ ಬೈಕು, ಕಾರು, ಟ್ರ್ಯಾಕ್ಟರುಗಳನ್ನು ಬ್ಯಾಂಕು, ಫೈನಾನ್ಸ್ ಕಂಪನಿಗಳು ಆನ್‌ಲೈನಿನಲ್ಲೇ ಹರಾಜು ಹಾಕುತ್ತವೆ. ಕಾರ್ಸ್24 ಥರದ ಕಂಪನಿಗಳು ಮನೆಗೆ ಬಂದು ಕಾರು ಪರೀಕ್ಷಿಸಿ, ಆ ವರದಿ ಮುಂದಿಟ್ಟು ಡೀಲರುಗಳ ನಡುವೆ ಹರಾಜು ನಡೆಸುತ್ತವೆ. ಮಂಡ್ಯದಲ್ಲಿ ಕಾರು ಮಾರಿದವರ ಬೆಲೆ ತೀರ್ಮಾನವಾಗುವುದು ಎಲ್ಲೋ ಕೂತ, ಕಾರನ್ನು ಎಂದೂ ಮುಟ್ಟದ ಡೀಲರುಗಳ ಬೆರಳ ತುದಿಯಲ್ಲಿ.

ಇನ್ನು ನಿಯಮಗಳ ವಿಷಯ. ನಮಗೆ ಗೊತ್ತಿರುವ ಹರಾಜು ‘ಒಂದು ಸಲ, ಎರಡು ಸಲ, ಮೂರು ಸಲ’ ಎಂದು ಏರುತ್ತಾ ಹೋಗುವುದು. ಎಪಿಎಂಸಿಯಲ್ಲಿ ಚೀಟಿ ಬರೆದು ಹಾಕುವ ಟೆಂಡರ್ ಇನ್ನೊಂದು ಬಗೆ. ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ವಿಕ್ರಿ 1961ರಲ್ಲಿ ಮೂರನೆಯ ಬಗೆಯೊಂದನ್ನು ಲೆಕ್ಕ ಹಾಕಿ ತೋರಿಸಿದರು. ಎಲ್ಲರೂ ಮುಚ್ಚಿದ ಚೀಟಿಯಲ್ಲಿ ಬೆಲೆ ಬರೆಯಲಿ. ಅತಿ ಹೆಚ್ಚು ಬರೆದವನಿಗೆ ಸರಕು ಹೋಗಲಿ. ಆದರೆ ಅವನು ಕೊಡಬೇಕಾದ್ದು ಎರಡನೆಯವನು ಬರೆದ ಬೆಲೆ. ಮೊದಲ ಸಲ ಕೇಳಿದಾಗ ಇದು ಮಾರುವವನಿಗೆ ಅನ್ಯಾಯ ಅನ್ನಿಸುತ್ತದೆ. ನಿಧಾನಕ್ಕೆ ಯೋಚಿಸಿದರೆ ಇದರ ಬುದ್ಧಿವಂತಿಕೆ ತಿಳಿಯುತ್ತದೆ. ಸಾಮಾನ್ಯ ಟೆಂಡರಿನಲ್ಲಿ ಮನಸ್ಸಿನಲ್ಲಿರುವ ಬೆಲೆಯನ್ನೇ ಬರೆದರೆ ಗೆದ್ದರೂ ಲಾಭವಿಲ್ಲ; ಆದ್ದರಿಂದ ಎಲ್ಲರೂ ಕಡಿಮೆ ಬರೆಯುತ್ತಾರೆ, ಎದುರಾಳಿ ಎಷ್ಟು ಬರೆದಾನೆಂದು ಊಹಿಸುವುದರಲ್ಲೇ ಬುದ್ಧಿ ಖರ್ಚಾಗುತ್ತದೆ. ವಿಕ್ರಿಯ ನಿಯಮದಲ್ಲಿ ನಾನು ಬರೆದದ್ದು ನಾನು ಗೆಲ್ಲುತ್ತೇನೋ ಇಲ್ಲವೋ ಎಂಬುದನ್ನಷ್ಟೇ ತೀರ್ಮಾನಿಸುತ್ತದೆ. ಎಷ್ಟು ಕೊಡಬೇಕೆಂಬುದು ಇನ್ನೊಬ್ಬನ ಚೀಟಿಯಲ್ಲಿದೆ. ಹಾಗಾಗಿ ಇದ್ದದ್ದನ್ನು ಇದ್ದಂತೆ ಬರೆಯುವುದೇ ಎಲ್ಲರಿಗೂ ಒಳ್ಳೆಯದು. ಸತ್ಯ ಹೇಳಿಸುವ ಹರಾಜು ಇದು. ವಿಕ್ರಿಗೆ 1996ರಲ್ಲಿ ನೊಬೆಲ್ ಘೋಷಣೆಯಾಯಿತು; ಮೂರೇ ದಿನಕ್ಕೆ ಅವರು ತೀರಿಕೊಂಡರು.

ಇಬೇಯ ಬಿಡ್ಡಿಂಗ್ ನಡೆಯುವುದು ಹೆಚ್ಚುಕಡಿಮೆ ಈ ದಾರಿಯಲ್ಲೇ. ಹಳೆಯ ಬೈಕೊಂದಕ್ಕೆ ಮೂವರು ಬಂದಿದ್ದಾರೆ ಎನ್ನಿ. ಒಬ್ಬರ ಗರಿಷ್ಠ 31 ಸಾವಿರ, ಇನ್ನೊಬ್ಬರದು 34 ಸಾವಿರ, ಮತ್ತೊಬ್ಬರದು 40 ಸಾವಿರ. ತಮ್ಮ ಗರಿಷ್ಠವನ್ನು ಯಂತ್ರಕ್ಕೆ ಹೇಳಿಬಿಟ್ಟರೆ ಸಾಕು, ಅವರ ಪರವಾಗಿ ಯಂತ್ರವೇ ಅಗತ್ಯವಿದ್ದಷ್ಟು ಕೂಗುತ್ತಾ ಹೋಗುತ್ತದೆ. ಪ್ರತಿ ಸವಾಲಿಗೆ 500 ರೂಪಾಯಿ ಏರಿಕೆ ಇದ್ದರೆ ಬೈಕು ಮೂರನೆಯವರಿಗೆ 34,500ಕ್ಕೆ ಸಿಗುತ್ತದೆ. ಅವರ ಮನಸ್ಸಿನಲ್ಲಿದ್ದ 40 ಸಾವಿರ ಯಾರಿಗೂ ಗೊತ್ತಾಗುವುದಿಲ್ಲ. ದಲ್ಲಾಳಿಯ ಟವೆಲ್ ಮಾಡುತ್ತಿದ್ದ ಕೆಲಸವನ್ನು ಈಗ ಸಾಫ್ಟ್‌ವೇರ್ ಮಾಡುತ್ತಿದೆ.

ಹಾಗಿದ್ದರೆ ಮೊದಲ ದಿನವೇ ಗರಿಷ್ಠ ಬರೆದು ಮನೆಯಲ್ಲಿ ಮಲಗಬಹುದಲ್ಲ? ಜನ ಹಾಗೆ ಮಾಡಲಿಲ್ಲ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಒಕೆನ್‌ಫೆಲ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಬೇ ಮತ್ತು ಅಮೆಜಾನ್ ಹರಾಜುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. ಅಮೆಜಾನ್ ಕೂಡ ಆಗ ಹರಾಜು ನಡೆಸುತ್ತಿತ್ತು. ಇಬೇಯಲ್ಲಿ ಗಡಿಯಾರದ ಮುಳ್ಳು ನಿಗದಿತ ಸಮಯಕ್ಕೆ ಬಂದರೆ ಹರಾಜು ಮುಗಿಯಿತು. ಅಮೆಜಾನಿನಲ್ಲಿ ಕೊನೇ ಹತ್ತು ನಿಮಿಷದಲ್ಲಿ ಯಾರಾದರೂ ಕೂಗಿದರೆ ಇನ್ನೂ ಹತ್ತು ನಿಮಿಷ ಮುಂದಕ್ಕೆ ಹೋಗುತ್ತಿತ್ತು. ಇಬೇಯ ಕಂಪ್ಯೂಟರ್ ಹರಾಜುಗಳಲ್ಲಿ ಶೇ 40ರಷ್ಟು, ಪುರಾತನ ವಸ್ತುಗಳಲ್ಲಿ ಶೇ 59ರಷ್ಟು ಕೊನೆಯ ಸವಾಲು ಬಂದದ್ದು ಕೊನೇ ಐದು ನಿಮಿಷದೊಳಗೆ. ಅಮೆಜಾನಿನಲ್ಲಿ ಸುಮಾರು ಶೇ 3 ಮಾತ್ರ. ಸರಕು ಅಂಥದ್ದೇ, ಜನರೂ ಅಂಥವರೇ. ಮುಗಿಸುವ ನಿಯಮ ಬೇರೆಯಾದದ್ದಕ್ಕೆ ನಡತೆ ಬೇರೆಯಾಯಿತು.

ಪುರಾತನ ವಸ್ತುಗಳಲ್ಲಿ ಈ ಕೊನೇ ಕ್ಷಣದ ಕಾಯುವಿಕೆ ಏಕೆ ಹೆಚ್ಚು? ಅಲ್ಲಿ ಬಲ್ಲವರ ಸವಾಲೇ ಒಂದು ಸುದ್ದಿ. ಹಳೆಯ ಹಿತ್ತಾಳೆ ದೀಪವೊಂದು ನಿಜಕ್ಕೂ ನೂರು ವರ್ಷದ್ದೆಂದು ಗುರುತಿಸಬಲ್ಲವನು ಬೇಗನೆ ಕೂಗಿದರೆ, ಗೊತ್ತಿಲ್ಲದವರೆಲ್ಲ ಅವನ ಬೆನ್ನು ಹಿಡಿದು ಬರುತ್ತಾರೆ. ಅವನು ಬಾಯಿ ಮುಚ್ಚಿಕೊಂಡು ಕೊನೇ ಸೆಕೆಂಡಿಗೆ ಕಾಯುತ್ತಾನೆ. ನಮ್ಮ ಬ್ಯಾಂಕ್ ಇ-ಹರಾಜು ಪ್ರಕಟಣೆಗಳಲ್ಲಿ ‘ಕೊನೆಯಲ್ಲಿ ಬಿಡ್ ಬಂದರೆ ತಲಾ ಐದು ನಿಮಿಷದ ವಿಸ್ತರಣೆ’ ಎಂದು ಬರೆದಿರುವುದನ್ನು ನೋಡಿರಬಹುದು. ಅಮೆಜಾನ್ ಮಾದರಿಯ ಆ ಸಾಲು ಕೊನೇ ಸೆಕೆಂಡಿಗೆ ಹೊಂಚು ಹಾಕುವವನ ಲಾಭವನ್ನು ಕಿತ್ತುಕೊಳ್ಳುತ್ತದೆ. ಅಂಥ ಹರಾಜಿನಲ್ಲಿ ಹೊಂಚು ಹಾಕಿ ಪ್ರಯೋಜನವಿಲ್ಲ. ಮೊದಲೇ ನಿಮ್ಮ ಮಿತಿ ಗೊತ್ತಿರಬೇಕು.

ಮಿತಿ ಎಲ್ಲಿಡಬೇಕು ಎಂಬುದೇ ಎಲ್ಲಕ್ಕಿಂತ ಕಷ್ಟದ್ದು. ಇದಕ್ಕೆ ಇನ್ನೊಂದು ಎತ್ತಿನ ಕಥೆ ಬೇಕು. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಊರಿನ ದನಗಳ ಪ್ರದರ್ಶನದಲ್ಲಿ ಒಂದು ಎತ್ತನ್ನು ನಿಲ್ಲಿಸಿ, ಕಡಿದು ಶುಚಿ ಮಾಡಿದ ಮೇಲೆ ಅದರ ತೂಕವೆಷ್ಟಾದೀತು ಎಂದು ಊಹಿಸುವ ಸ್ಪರ್ಧೆ ಇಟ್ಟಿದ್ದರು. ಫ್ರಾನ್ಸಿಸ್ ಗಾಲ್ಟನ್ ಆ ಚೀಟಿಗಳನ್ನು ಸಂಗ್ರಹಿಸಿ 1907ರಲ್ಲಿ ಲೆಕ್ಕ ಪ್ರಕಟಿಸಿದರು. ಓದಲು ಬಂದ ಚೀಟಿ 787. ಎಲ್ಲವನ್ನೂ ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವಿನ ಚೀಟಿಯಲ್ಲಿದ್ದದ್ದು 1,207 ಪೌಂಡ್. ನಿಜವಾದ ತೂಕ 1,198 ಪೌಂಡ್, ಅಂದರೆ ಸುಮಾರು 543 ಕಿಲೊ. ವ್ಯತ್ಯಾಸ ನಾಲ್ಕೇ ಕಿಲೊ. ಜನಸಮೂಹದ ಊಹೆಯ ನಡುಭಾಗ ಅಷ್ಟು ನಿಖರ.

ಆದರೆ ಹರಾಜು ನಡುವಿನ ಚೀಟಿಯನ್ನು ಆರಿಸುವುದಿಲ್ಲ, ತುದಿಯದನ್ನು ಆರಿಸುತ್ತದೆ. ಆ ಎತ್ತನ್ನು ತೂಕಕ್ಕೆ ತಕ್ಕ ದುಡ್ಡಿಗೆ ಹರಾಜು ಹಾಕಿದ್ದರೆ ಎಲ್ಲರಿಗಿಂತ ಹೆಚ್ಚು ತಪ್ಪಾಗಿ, ಮೇಲಕ್ಕೆ ಊಹಿಸಿದವನೇ ಗೆಲ್ಲುತ್ತಿದ್ದ. ಗೆದ್ದದ್ದಕ್ಕೇ ನಷ್ಟ. 1971ರಲ್ಲಿ ಅಮೆರಿಕದ ಮೂವರು ತೈಲ ಎಂಜಿನಿಯರುಗಳು ಇದನ್ನು ಕಂಡುಹಿಡಿದರು. ಸಮುದ್ರದಡಿಯ ತೈಲಕ್ಕೆ ಹರಾಜಿನಲ್ಲಿ ಗೆದ್ದ ಕಂಪನಿಗಳಿಗೆ ನಿರೀಕ್ಷಿಸಿದಷ್ಟು ಲಾಭ ಏಕೆ ಬರುತ್ತಿಲ್ಲ ಎಂದು ಅವರು ಹುಡುಕುತ್ತಿದ್ದರು. ಗೆದ್ದವನ ಶಾಪ ಎಂದು ಇದಕ್ಕೆ ಹೆಸರಾಯಿತು. 1983ರಲ್ಲಿ ಮ್ಯಾಕ್ಸ್ ಬೇಜರ್‌ಮನ್ ಮತ್ತು ವಿಲಿಯಂ ಸ್ಯಾಮುಯೆಲ್ಸನ್ ಎಂಬಿಎ ವಿದ್ಯಾರ್ಥಿಗಳ ಮುಂದೆ ನಾಣ್ಯ ತುಂಬಿದ ಜಾಡಿ ಇಟ್ಟು ಹರಾಜು ಹಾಕಿಸಿದ್ದಾರೆ. ಜಾಡಿಯಲ್ಲಿದ್ದದ್ದು 8 ಡಾಲರ್. ವಿದ್ಯಾರ್ಥಿಗಳ ಊಹೆಯ ಸರಾಸರಿ 5.13 ಡಾಲರ್, ಇರುವುದಕ್ಕಿಂತ ಬಹಳ ಕಡಿಮೆ. ಗೆದ್ದ ಸವಾಲುಗಳ ಸರಾಸರಿ ಮಾತ್ರ 10.01 ಡಾಲರ್. ಸಮೂಹ ಕಡಿಮೆ ಅಂದಾಜು ಮಾಡಿದಾಗಲೂ ಗೆದ್ದವನು ನಷ್ಟದಲ್ಲೇ ಇದ್ದ!

ಹಳೆಯ ಟ್ರ್ಯಾಕ್ಟರು ಆ ನಾಣ್ಯದ ಜಾಡಿಯಂಥದ್ದು. ಒಳಗೆ ಎಷ್ಟು ಆಯಸ್ಸು ಉಳಿದಿದೆ ಎಂಬುದು ಯಾರು ಕೊಂಡರೂ ಒಂದೇ, ಕಾಣುವುದಿಲ್ಲ ಅಷ್ಟೆ. ಮೀಟರಿನಲ್ಲಿ ನಾಲ್ಕು ಸಾವಿರ ಗಂಟೆ ಓಡಿದ, ಒಂದೇ ಮಾದರಿಯ, ಒಂದೇ ವರ್ಷದ ಎರಡು ಗಾಡಿ ತೆಗೆದುಕೊಳ್ಳಿ. ಒಂದು ಮದ್ದೂರು ಕಡೆಯ ನಾಲೆ ಬಯಲಿನದು. ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ, ಭತ್ತದ ಗದ್ದೆಯ ಕೆಸರಿನಲ್ಲಿ ಕಬ್ಬಿಣದ ಪಂಜರ ಚಕ್ರ ಹಾಕಿಕೊಂಡು ಪ್ರತಿ ನಾಟಿಗೂ ಕೆಸರು ಕಲಸಿದೆ. ಕಟಾವಿನ ಕಾಲದಲ್ಲಿ ಕೊಪ್ಪಕ್ಕೋ ಕೆ.ಎಂ. ದೊಡ್ಡಿಗೋ ಕಬ್ಬಿನ ಟ್ರೇಲರ್ ಎಳೆದಿದೆ. ಇನ್ನೊಂದು ಮಳವಳ್ಳಿ ತಾಲ್ಲೂಕಿನ ಹಲಗೂರು ಕಡೆಯ ಖುಷ್ಕಿ ಹೊಲದಲ್ಲಿ ರಾಗಿಗೆ ಉಳುಮೆ ಮಾಡಿದೆ. ಮೊದಲನೆಯದರ ಹಿಂದಿನ ಆಕ್ಸಲ್ ಸೀಲು ದಾಟಿ ಕೆಸರುನೀರು ಒಳಗೆ ಹೋಗಿರಬಹುದು. ಗೇರ್ ಎಣ್ಣೆ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ರಿಮ್ಮಿನ ಒಳಮೈ ತುಕ್ಕು ಹಿಡಿದಿರುತ್ತದೆ. ಭಾರದ ಟ್ರೇಲರನ್ನು ನಿಂತಲ್ಲಿಂದ ಎಳೆದೆಳೆದು ಕ್ಲಚ್ ಸವೆದಿರುತ್ತದೆ. ಎರಡನೆಯದರಲ್ಲಿ ನೋಡಬೇಕಾದ್ದು ಧೂಳು: ಏರ್ ಫಿಲ್ಟರ್ ಸರಿಯಾಗಿ ನೋಡಿಕೊಳ್ಳದಿದ್ದರೆ ನುಣ್ಣನೆಯ ಮಣ್ಣು ಸಿಲಿಂಡರಿನೊಳಗೆ ಹೋಗಿ ಪಿಸ್ಟನ್ ರಿಂಗುಗಳನ್ನು ಸವೆಸುತ್ತದೆ.

ಎಂಜಿನ್ ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳ ತೆಗೆದು ನೋಡುವ ಅಭ್ಯಾಸ ನಮ್ಮ ಮೆಕ್ಯಾನಿಕ್‌ಗಳಿಗಿದೆ. ಅಲ್ಲಿಂದ ದಮ್ಮು ಹೊಡೆದಂತೆ ಬುಸಬುಸನೆ ಹೊಗೆ ಬಂದರೆ ರಿಂಗು ಸವೆದು, ಉರಿದ ಅನಿಲ ಪಿಸ್ಟನ್ ಪಕ್ಕದಿಂದ ಕೆಳಗಿನ ಕೋಣೆಗೆ ನುಗ್ಗುತ್ತಿದೆ ಎಂದು ಲೆಕ್ಕ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಇವು ನಮ್ಮ ಕಾಲದ ಹಲ್ಲು ನೋಡುವ ವಿದ್ಯೆಗಳು. ಬ್ಯಾಂಕಿನ ಹರಾಜು ಪ್ರಕಟಣೆಯಲ್ಲಿ ‘ಇದ್ದಲ್ಲೇ, ಇದ್ದಂತೆಯೇ’ ಎಂಬ ಷರತ್ತು ಇರುತ್ತದೆ. ಕೊಂಡ ಮೇಲೆ ದೂರಿದರೆ ಯಾರೂ ಕೇಳುವುದಿಲ್ಲ ಎಂಬುದೇ ಅದರ ತಾತ್ಪರ್ಯ. ಹರಾಜಿಗೆ ಮುಂಚೆ ಯಾರ್ಡಿಗೆ ಹೋಗಿ ನೋಡಲು ಒಂದು ದಿನ ಗೊತ್ತು ಮಾಡಿರುತ್ತಾರೆ. ಆ ದಿನ ಹೋಗದೆ ಫೋಟೊ ನೋಡಿ ಕೂಗುವವನು ಗೆದ್ದವನ ಶಾಪಕ್ಕೆ ತಾನಾಗಿ ತಲೆಯೊಡ್ಡುತ್ತಾನೆ. ಹೋಗಲು ಆಗುವುದೇ ಇಲ್ಲವೆಂದರೆ ತನ್ನ ಅಂದಾಜಿನಿಂದ ಒಂದಷ್ಟು ಕಳೆದುಕೊಂಡೇ ಕೂಗಬೇಕು. ಎದುರಾಳಿಗಳು ಹೆಚ್ಚಿದಷ್ಟೂ ಹೆಚ್ಚು ಕಳೆಯಬೇಕು. ಸ್ಪರ್ಧೆ ಜೋರಾದಾಗ ಕೈ ಹಿಂದೆಗೆಯಬೇಕೆಂಬುದು ನಮ್ಮ ಸ್ವಭಾವಕ್ಕೆ ವಿರುದ್ಧ, ಆದರೆ ಲೆಕ್ಕ ಹೇಳುವುದು ಅದನ್ನೇ.

ಮಾರುವವನ ಕಡೆಯಿಂದ ನೋಡಿದರೆ ಈ ಶಾಪಕ್ಕೆ ಪರಿಹಾರವಿದೆ. ಮುಂದೆ ಸ್ಟ್ಯಾನ್‌ಫರ್ಡಿನಲ್ಲಿ ಪ್ರಾಧ್ಯಾಪಕರಾದ ಪಾಲ್ ಮಿಲ್‌ಗ್ರಮ್ 1982ರಲ್ಲಿ ರಾಬರ್ಟ್ ವೆಬರ್ ಜತೆ ಬರೆದ ಪ್ರಬಂಧದಲ್ಲಿ ಇದರ ಗಣಿತವಿದೆ. ಕೊಳ್ಳುವವರು ಹೆದರಿಕೆಯಿಂದ ಕಡಿಮೆ ಕೂಗುತ್ತಾರೆ. ಸರಕಿನ ಬಗ್ಗೆ ನಂಬುವಂಥ ಮಾಹಿತಿ ಎಲ್ಲರಿಗೂ ಸಿಕ್ಕಿದಷ್ಟೂ ಆ ಹೆದರಿಕೆ ಇಳಿದು ಸರಾಸರಿಯಲ್ಲಿ ಬೆಲೆ ಏರುತ್ತದೆ. ಒಳ್ಳೆಯ ಸುದ್ದಿಯನ್ನಷ್ಟೇ ಹೇಳಿ ಕೆಟ್ಟದ್ದನ್ನು ಮುಚ್ಚುವವನಿಗಿಂತ, ಎಲ್ಲವನ್ನೂ ಹೇಳುವುದೇ ಪದ್ಧತಿ ಮಾಡಿಕೊಂಡ ವ್ಯಾಪಾರಿಗೆ ಒಟ್ಟಾರೆ ಹೆಚ್ಚು ಹುಟ್ಟುತ್ತದೆ. ಬಹಿರಂಗ ಸವಾಲು ಮುಚ್ಚಿದ ಟೆಂಡರಿಗಿಂತ ಹೆಚ್ಚು ತರುವುದೂ ಇದೇ ಕಾರಣಕ್ಕೆ; ಒಬ್ಬರ ಕೂಗು ಇನ್ನೊಬ್ಬರಿಗೆ ಧೈರ್ಯ ಕೊಡುತ್ತದೆ. 2020ರಲ್ಲಿ ಮಿಲ್‌ಗ್ರಮ್ ಮತ್ತು ಅವರ ಗುರು ರಾಬರ್ಟ್ ವಿಲ್ಸನ್ ಇಬ್ಬರಿಗೂ ನೊಬೆಲ್ ಬಂತು.

ಈ ತತ್ವವನ್ನು ಕಣ್ಣಾರೆ ಪರೀಕ್ಷಿಸಿದ ಜಾಗಗಳಲ್ಲಿ ಒಂದು ನಮ್ಮದೇ ಕರ್ನಾಟಕ. ಸರಕು ಹಳೆಯದಲ್ಲ, ಬೆಳೆ. 2014ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭಿಸಿ ಎಪಿಎಂಸಿಗಳನ್ನು ಒಂದೊಂದಾಗಿ ಆನ್‌ಲೈನ್ ಟೆಂಡರಿಗೆ ಸೇರಿಸಿತು. ಎಂಐಟಿಯ ರೆಟ್ಸೆಫ್ ಲೆವಿ, ಕರೆನ್ ಝೆಂಗ್, ಸೌಮ್ಯಾ ಸಿಂಘ್ವಿ ಮತ್ತು ವೇದಿಕೆಯನ್ನು ನಡೆಸುತ್ತಿದ್ದ ಸಂಸ್ಥೆಯ ಮನೋಜ್ ರಾಜನ್ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಇದರಿಂದ ಭತ್ತದ ದರ ಶೇ 5.1, ಕಡಲೆಕಾಯಿ ಶೇ 3.6, ಮೆಕ್ಕೆಜೋಳ ಶೇ 3.5 ಏರಿತು; ಹತ್ತಿ, ಹೆಸರು, ತೊಗರಿಯಲ್ಲಿ ಗಮನಾರ್ಹ ಏರಿಕೆ ಕಾಣಲಿಲ್ಲ. ಅದೇ ತಂಡ 2019ರಲ್ಲಿ ರಾಜ್ಯದ ಒಂದು ದೊಡ್ಡ ಬೇಳೆಕಾಳು ಮಾರುಕಟ್ಟೆಯಲ್ಲಿ ನಿಯಮವನ್ನೇ ಬದಲಿಸಿ ನೋಡಿತು. ಮೊದಲ ಸುತ್ತಿನಲ್ಲಿ ಎಂದಿನಂತೆ ಮುಚ್ಚಿದ ಬಿಡ್. ಅದರಲ್ಲಿ ಮೇಲಿನ ಸಾಲಿನಲ್ಲಿರುವವರಿಗೆ ಮಾತ್ರ ಎರಡನೇ ಸುತ್ತಿನಲ್ಲಿ ದರ ಏರಿಸುವ ಅವಕಾಶ. ದರ ಶೇ 4.7ರಷ್ಟು ಹೆಚ್ಚಿತು. ಕಾಳು ಅದೇ, ವ್ಯಾಪಾರಿಗಳೂ ಅವರೇ. ರೈತನ ಲಾಭ ಎಷ್ಟು ತೆಳ್ಳಗಿರುತ್ತದೆ ಎಂದು ಬಲ್ಲವರಿಗೆ ಈ ಶೇ 4.7 ಸಣ್ಣದಲ್ಲವೆಂದು ಗೊತ್ತು.

ಜಪ್ತಾದ ಟ್ರ್ಯಾಕ್ಟರಿನ ಹರಾಜಿನಲ್ಲೂ ಇಂಥ ಕಾಳಜಿ ಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಕಬ್ಬಿನ ಬಿಲ್ ತಡವಾಯಿತು, ಕಂತು ತಪ್ಪಿತು, ಗಾಡಿ ಯಾರ್ಡ್ ಸೇರಿತು. ಹರಾಜಿನಲ್ಲಿ ಬಂದ ದುಡ್ಡು ಸಾಲಕ್ಕೆ ಜಮಾ ಆಗುತ್ತದೆ, ಉಳಿದದ್ದು ಅದೇ ರೈತನ ತಲೆಯ ಮೇಲೆ ಬಾಕಿಯಾಗಿ ಕೂರುತ್ತದೆ. ಗಾಡಿ ಅಗ್ಗಕ್ಕೆ ಹೋದರೆ ಹಾನಿ ಬ್ಯಾಂಕಿಗಿಂತ ಮೊದಲು ಅವನಿಗೆ. ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಖ್ಯೆ ಎಷ್ಟು ಜನ ಕೂಗುತ್ತಾರೆ ಎಂಬುದು. ಒಂದು ಲೆಕ್ಕ ಮಾಡೋಣ. ಬಂದ ಒಬ್ಬೊಬ್ಬರೂ ಆ ಟ್ರ್ಯಾಕ್ಟರಿಗೆ ಕೊಡಬಲ್ಲ ಗರಿಷ್ಠ 2 ಲಕ್ಷದಿಂದ 5 ಲಕ್ಷದೊಳಗೆ ಎಲ್ಲೆಂದರಲ್ಲಿ, ಸಮನಾದ ಸಾಧ್ಯತೆಯಲ್ಲಿ ಇದೆ ಎನ್ನಿ. ಏರುವ ಸವಾಲಿನಲ್ಲಿ ಬೆಲೆ ನಿಲ್ಲುವುದು ಎರಡನೆಯವನು ಕೈಬಿಟ್ಟಲ್ಲಿ. ಇಬ್ಬರೇ ಬಂದರೆ ಸರಾಸರಿ 3 ಲಕ್ಷಕ್ಕೆ ಹೋಗುತ್ತದೆ. ಮೂವರು ಬಂದರೆ ಮೂರೂವರೆ ಲಕ್ಷ. ಐವರಾದರೆ 4 ಲಕ್ಷ, ಒಂಬತ್ತು ಜನರಾದರೆ 4 ಲಕ್ಷ 40 ಸಾವಿರ. ಇಬ್ಬರಿದ್ದಲ್ಲಿ ಮೂರನೆಯವನೊಬ್ಬ ಬಂದದ್ದಕ್ಕೇ 50 ಸಾವಿರ! ಜೆರೆಮಿ ಬುಲೋ ಮತ್ತು ಪಾಲ್ ಕ್ಲೆಂಪರರ್ 1996ರಲ್ಲಿ ಸಾಧಿಸಿ ತೋರಿಸಿದ್ದೂ ಇದೇ ದಿಕ್ಕಿನದು: ಎಷ್ಟೇ ಜಾಣತನದಿಂದ ಮೂಲಬೆಲೆ ನಿಗದಿ ಮಾಡಿದರೂ, ಇನ್ನೊಬ್ಬ ಕೊಳ್ಳುವವನನ್ನು ಕರೆತರುವುದೇ ಮಾರುವವನಿಗೆ ಹೆಚ್ಚು ಲಾಭ.

ಲೆಕ್ಕವನ್ನು ತಿರುಗಿಸಿ ಓದಿದರೆ ಒಳಒಪ್ಪಂದದ ಬೆಲೆಯೂ ಸಿಗುತ್ತದೆ. ಒಂಬತ್ತು ಜನ ಬಂದಿದ್ದು, ಅವರಲ್ಲಿ ಎಂಟು ಮಂದಿ ಸೇರಿ ತಮ್ಮ ಪರವಾಗಿ ಒಬ್ಬನೇ ಕೂಗಲಿ ಎಂದು ಮಾತಾಡಿಕೊಂಡರೆ, ಹರಾಜು ಇಬ್ಬರ ಹರಾಜಾಗುತ್ತದೆ. ಯಾರ್ಡಿನಲ್ಲಿ ಮುಖಾಮುಖಿ ಕೂಗುವಾಗ ಇದು ಸುಲಭ. ಮಾತು ಮುರಿದವನು ಯಾರೆಂದು ಅಲ್ಲೇ ಕಾಣುತ್ತದೆ, ಮುಂದಿನ ಹರಾಜಿನಲ್ಲಿ ಅವನನ್ನು ಹೊರಗಿಡುತ್ತಾರೆ. ಆನ್‌ಲೈನಿನಲ್ಲಿ ಹೆಸರು ಕಾಣದಂತೆ ಮಾಡಿದಾಗ ಮಾತು ಮುರಿಯುವವನಿಗೆ ಧೈರ್ಯ ಬರುತ್ತದೆ, ಶಿರಸಿಯವನೋ ಹೊಸೂರಿನವನೋ ಕೂತಲ್ಲಿಂದಲೇ ಕೂಗಬಹುದು. ಆದರೆ ಪ್ರಕಟಣೆ ಇಂಗ್ಲಿಷಿನಲ್ಲಿ, ಎಲ್ಲೋ ಮೂಲೆಯಲ್ಲಿ ಬಂದು, ಮೂಲಬೆಲೆಯ ಶೇ 10ರಷ್ಟು ಠೇವಣಿ ಮೊದಲೇ ಕಟ್ಟಬೇಕಾದಾಗ, ಆ ಟ್ರ್ಯಾಕ್ಟರನ್ನು ನಿಜವಾಗಿ ಬಳಸುವ ಪಕ್ಕದೂರಿನ ರೈತನೇ ಹರಾಜಿನಿಂದ ಹೊರಗುಳಿಯುತ್ತಾನೆ. ಕನ್ನಡದಲ್ಲೊಂದು ಪ್ರಕಟಣೆ ಗ್ರಾಮ ಪಂಚಾಯಿತಿಯ ಬೋರ್ಡಿಗೆ ಬಿದ್ದರೆ ಮೂರನೆಯವನು ಬರುತ್ತಾನೆ. ಅವನು ತರುವುದು ಎಷ್ಟೆಂದು ಮೇಲೆ ನೋಡಿದೆವು.

ನಂಬಿಕೆಯ ಬೆಲೆಯನ್ನೂ ಅಳೆದವರಿದ್ದಾರೆ. ಪಾಲ್ ರೆಸ್ನಿಕ್ ಮತ್ತು ಜತೆಗಾರರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಬೇಯಲ್ಲಿ ಒಳ್ಳೆಯ ಹೆಸರು ಗಳಿಸಿದ್ದ ವ್ಯಾಪಾರಿಯೊಬ್ಬರು ಹಳೆಯ ಪೋಸ್ಟ್‌ಕಾರ್ಡುಗಳನ್ನು ಜೋಡಿ ಜೋಡಿಯಾಗಿ ಮಾರಿದರು: ಒಂದನ್ನು ತಮ್ಮ ಹೆಸರಿನಲ್ಲಿ, ಅಂಥದ್ದೇ ಇನ್ನೊಂದನ್ನು ಯಾರೂ ಕೇಳದ ಹೊಸ ಖಾತೆಯಲ್ಲಿ. ಹಳೆಯ ಹೆಸರಿಗೆ ಶೇ 8.1ರಷ್ಟು ಹೆಚ್ಚು ಕೊಡಲು ಜನ ಸಿದ್ಧರಿದ್ದರು. ನಮ್ಮ ಕಡೆ ‘ಅವರ ಗಾಡಿನಾ? ಕಣ್ಮುಚ್ಕೊಂಡ್ ತಗೋ’ ಎಂದು ಊರಿನವರು ಹೇಳುವ ಮಾತಿಗೆ ಇದು ಸಂಖ್ಯೆಯ ರೂಪ. ಗುರುತಿಲ್ಲದವರ ನಡುವೆ ವ್ಯಾಪಾರ ನಡೆಯುವಾಗ ಆ ಹೆಸರನ್ನೇ ಕಳ್ಳರು ನಕಲು ಮಾಡುತ್ತಾರೆ. ಸೇನೆಯವನೆಂದು ಹೇಳಿಕೊಂಡು, ಸಮವಸ್ತ್ರದ ಫೋಟೊ ಕಳಿಸಿ, ವರ್ಗಾವಣೆಯಾಗಿದೆ ಎಂದು ಅಗ್ಗಕ್ಕೆ ಬುಲೆಟ್ ಮಾರುವ ಮೋಸ ದೇಶದ ತುಂಬ ನಡೆದದ್ದು ಹೀಗೆ. ಇನ್ನೊಂದು ಬಗೆಯಲ್ಲಿ ಕೊಳ್ಳುವವನಾಗಿ ಬಂದು ‘ದುಡ್ಡು ಹಾಕ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಎನ್ನುತ್ತಾನೆ. ಯುಪಿಐ ಪಿನ್ ಬೇಕಾಗುವುದು ದುಡ್ಡು ಕೊಡಲು ಮಾತ್ರ. ಪಡೆಯಲು ಸ್ಕ್ಯಾನೂ ಬೇಡ, ಪಿನ್ನೂ ಬೇಡ. ದುಡ್ಡು ಹೋದದ್ದು ಗೊತ್ತಾದ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು.

ಹಳೆಯ ಮೊಬೈಲ್ ಕೊಳ್ಳುವಾಗ ಹಲ್ಲು ನೋಡುವ ಜಾಗ ಐಎಂಇಐ ಸಂಖ್ಯೆ. *#06# ಒತ್ತಿದರೆ 15 ಅಂಕಿ ಬರುತ್ತವೆ. ಕೆವೈಎಂ ಎಂಬ ಮೂರಕ್ಷರವನ್ನು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳಿಸಿದರೆ ಅದು ಯಾವ ಕಂಪನಿಯ ಯಾವ ಮಾದರಿ, ಕಳುವಿನದೆಂದು ತಡೆಹಿಡಿಯಲಾಗಿದೆಯೇ ಎಂಬುದು ತಿಳಿಯುತ್ತದೆ.

ವಾಹನದಲ್ಲಿ ದುಡ್ಡು ಕೈಸೇರಿದ ಮೇಲೂ ವ್ಯಾಪಾರ ಮುಗಿದಿರುವುದಿಲ್ಲ. ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು, ಅದನ್ನು ಆರ್‌ಟಿಒಗೆ ಕೊಡದೆ ಡ್ಯಾಶ್‌ಬೋರ್ಡಿನಲ್ಲಿಟ್ಟುಕೊಂಡೇ ಮೂರು ಕೈ ದಾಟಿದ ಗಾಡಿಗಳು ನಮ್ಮ ಸೀಮೆಯಲ್ಲಿ ಎಷ್ಟೋ ಇವೆ. ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ ಮಾರಿದವರು ರಾಜ್ಯದೊಳಗಾದರೆ 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ತಿಳಿಸಬೇಕು. ಕೈಯಿಂದ ಕೈಗೆ ಮಾರಾಟವಾಗಿ ಹೋಗಿದ್ದ ಕಾರೊಂದು ಅಪಘಾತ ಮಾಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿತು: ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಪರಿಹಾರ ಕೊಡಬೇಕಾದ ಮಾಲೀಕರು ಅವರೇ. ಗಾಡಿ ಮಾರಿ ವರ್ಷಗಳೇ ಆಗಿದ್ದರೂ ಸರಿ, ಅದರ ಬೆಲೆ ಖರ್ಚಾಗಿ ಹೋಗಿದ್ದರೂ ಸರಿ.